ಕಂಟ್ರಿ ಶೆಟ್ರ ಹನ್ನೊಂದು ಹಾಡು

ಸಿದ್ಧಕಟ್ಟೆ
9 ಜೂನ್ 2024

ಪ್ರಿಯ ಶುಕೂರ್,

ಕಾಗದ ನೋಡಿ ಹೆದರಬೇಡ. ಸತ್ತ ಸುದ್ದಿಯಾದರೆ ಬೇರೆಯವರು ಬರೆಯುತ್ತಿದ್ದರು. ಇದು ನನ್ನದೇ ಅಕ್ಷರ. ಮೂಡುಬಿದಿರೆ ಕಾಲೇಜಿನ ಪರೀಕ್ಷೆಯಲ್ಲಿ ಹಿಂದಿನ ಬೆಂಚಿನಿಂದ ನೀನು ಓದಲಾಗದೆ ಫೇಲಾದೆಯಲ್ಲ, ಅದೇ ಕೋಳಿಕಾಲು.

ನಾಲ್ಕು ಸಲ ಫೋನ್ ಮಾಡಿದೆಯಂತೆ, ಕಾಂತಿ ಹೇಳಿದಳು. ಎತ್ತಿ ಏನು ಮಾಡಲಿ? ಮೇ ಹದಿನಾಲ್ಕಕ್ಕೆ ಮಂಗಳೂರಿನಲ್ಲಿ ನನ್ನ ಧ್ವನಿಪೆಟ್ಟಿಗೆ ತೆಗೆದರು. ಪೆಟ್ಟಿಗೆ ಅಂದರೆ ಪೆಟ್ಟಿಗೆಯೇ, ಒಳಗಿದ್ದ ಸಾಮಾನು ಸಮೇತ. ಈಗ ಉಸಿರಾಡುವುದು ಕೊರಳಿನ ತೂತಿನಿಂದ. ಎಲ್ಲರ ಮನೆ ದೋಸೆಯೂ ತೂತೇ ಅಂತ ಬಿ.ಸಿ. ರೋಡಿನ ಹೋಟೆಲಿನಲ್ಲಿ ಇಪ್ಪತ್ತು ವರ್ಷ ಗಿರಾಕಿಗಳಿಗೆ ಹೇಳ್ತಿದ್ದೆ. ದೋಸೆ ಸೇಡು ತೀರಿಸಿಕೊಂಡಿತು.

ವಾಟ್ಸಾಪ್ ಮಾಡು ಅಂತ ಹೇಳಬೇಡ. ಮದ್ದಿನಿಂದ ಬೆರಳ ತುದಿಗೆಲ್ಲ ಜೋಮು ಹಿಡಿದಿದೆ, 'ಅ' ಒತ್ತಿದರೆ 'ಳ' ಬರುತ್ತದೆ. ಪೆನ್ನು ಹೇಗೋ ಮುಷ್ಟಿಯಲ್ಲಿ ನಿಲ್ಲುತ್ತದೆ. ನಿನ್ನ ಅಳಿಯ ನೌಫಲ್ ತಿಂಗಳಿಗೊಮ್ಮೆ ಬಂದು ಹೋಗ್ತಾನಲ್ಲ, ಅವನ ಕೈಯಲ್ಲಿ ಕೊಡ್ತೇನೆ. ಹಿಂದೆಯೂ ನಾವು ಹಾಗೆಯೇ ಅಲ್ಲವಾ ಮಾಡ್ತಿದ್ದದ್ದು? ಊರಿಗೆ ಹೋಗುವವನ ಕೈಯಲ್ಲಿ ಕಾಗದ, ಬರುವವನ ಕೈಯಲ್ಲಿ ಉಪ್ಪಿನಕಾಯಿ.

ವಿಷಯಕ್ಕೆ ಬರ್ತೇನೆ. ಮೊನ್ನೆ ನವ್ಯಾ ಕೇಳಿದಳು, "ಪಪ್ಪ, ನೀವು ದುಬೈಯಲ್ಲಿ ಹಾಡ್ತಿದ್ರಂತೆ, ಹೌದಾ?" ಇಪ್ಪತ್ತಮೂರು ವರ್ಷದ ಮಗಳು, ಶಾಲೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುವವಳು, ಅಪ್ಪ ಹಾಡಿದ್ದು ಒಂದು ಸಾಲೂ ಕೇಳಿಲ್ಲ. ತಪ್ಪು ನನ್ನದೇ. ನನ್ನ ಮದುವೆಯ ದಿನ ನಾರಾವಿಯಲ್ಲಿ ಟೊಪ್ಪಿ ಹಾಕಿ, ಗಿಟಾರ್ ಹಿಡಿದು ಒಂದು ಹಾಡು ಶುರು ಮಾಡಿದ್ದು ನಿನಗೆ ಬರೆದಿದ್ದೆ. ಎರಡು ಸಾಲು ಆಗುವಾಗ ಕಾಂತಿಯ ಮಾವ ಧರ್ಣಪ್ಪಣ್ಣ ಬಂದು ಮೈಕ್ ತೆಗೆದುಕೊಂಡು "ಇನ್ನು ಊಟಕ್ಕೆ ಏಳುವ" ಅಂದರು. ಇಡೀ ಚಪ್ಪರ ಎದ್ದಿತು. ಮದುಮಗ ದುಬೈಯಲ್ಲಿ ಅಮೆರಿಕದವರ ಕಂಟ್ರಿ ಹಾಡು ಹಾಡುವವನು ಅಂದರೆ ನಮ್ಮವರಿಗೆ ಆಗ ಗೊತ್ತಿದ್ದ ಕಂಟ್ರಿ ಒಂದೇ, ಪ್ಯಾಕೆಟಿನಲ್ಲಿ ಬರುವುದು. ಕುಡಿದು ನಿಂತಿದ್ದಾನೆ ಅಂದುಕೊಂಡರು. ಆಮೇಲೆ ನಾನು ಬಾಯಿ ತೆರೆದದ್ದೆಲ್ಲ "ಎಷ್ಟು ಪ್ಲೇಟ್?" ಅನ್ನಲಿಕ್ಕೆ.

ಆದರೆ ಒಂದು ಧೈರ್ಯ ಇತ್ತು. 1995ರಲ್ಲಿ ಶಾರ್ಜಾದ ನಿನ್ನ ರೂಮಿನಲ್ಲಿ ಏಸಿಯ ಸದ್ದು ಬೇಡ ಅಂತ ಬಂದ್ ಮಾಡಿ, ಬೆವರು ಸುರಿಸಿ, ನನ್ನವೇ ಹನ್ನೊಂದು ತುಳು ಹಾಡು ರೆಕಾರ್ಡ್ ಮಾಡಿದೆವಲ್ಲ, ಆ ಕ್ಯಾಸೆಟ್. ಲಾಯಿಲದ ಮನೆಯ ಕಪಾಟಿನಲ್ಲಿ ಭದ್ರ ಉಂಟು ಅಂತ ನೀನು ಎಷ್ಟು ಸಲ ಹೇಳಿದ್ದಿ. ಜಗತ್ತಿನಲ್ಲಿ ಅದೊಂದೇ ಪ್ರತಿ. ಇಷ್ಟು ವರ್ಷ ನಾನು ಕೊಡು ಅಂತ ಕೇಳಲಿಲ್ಲ, ಅಲ್ಲಿ ಉಂಟು ಅಂತ ಗೊತ್ತಿರುವುದೇ ಸಾಕಾಗಿತ್ತು. ಈಗ ಸಾಕಾಗುವುದಿಲ್ಲ. ಡಾಕ್ಟರು ವರ್ಷ ಬಿಟ್ಟು ತಿಂಗಳಲ್ಲಿ ಮಾತಾಡ್ತಾರೆ. ಅಷ್ಟರೊಳಗೆ ನವ್ಯಾ ಒಮ್ಮೆ ಕೇಳಬೇಕು. ನನ್ನ ಆಸೆ ಇಷ್ಟೇ.

ನಿನ್ನ ತಂಗಿ ಹಫ್ಸನಿಗೆ ಹೇಳಿ ತೆಗೆಸಿಡು. ನವ್ಯಾ ಹೋಗಿ ತರ್ತಾಳೆ.

ನಿನ್ನ ಮೂಕ,
ನಿತ್ಯಾನಂದ


ಶಾರ್ಜಾ
28 ಜೂನ್ 2024

ಪ್ರಿಯ ಶೆಟ್ರೇ,

ನೌಫಲ್ ಕಾಗದ ಕೊಟ್ಟ. ಅಂಗಡಿಯಲ್ಲೇ ನಿಂತು ಓದಿದೆ. ಓದಿದ ಮೇಲೆ ಸಕ್ಕರೆ ಕೇಳಿದವನಿಗೆ ಉಪ್ಪು ಕಟ್ಟಿಕೊಟ್ಟೆನಂತೆ. ಅವನು ವಾಪಸ್ ಬಂದು ಬೈದ. ಬೈಸಿಕೊಂಡೆ.

ನಿನಗೆ ಸ್ವರ ಇಲ್ಲ ಅನ್ನುವುದು ನನ್ನ ತಲೆಗೆ ಹೋಗುವುದೇ ಇಲ್ಲ. ನೆನಪುಂಟಾ, ದುಬೈಯ ಆ ಹೋಟೆಲಿನಲ್ಲಿ ನೀನು ಸೂಪ್ ತರುವ ವೇಟರ್. ಫಿಲಿಪಿನೋ ಬ್ಯಾಂಡಿನ ಗಾಯಕನಿಗೆ ಹೊಟ್ಟೆ ಕೆಟ್ಟ ಗುರುವಾರ ನೀನು ಟ್ರೇ ಇಟ್ಟು ಮೈಕ್ ಎತ್ತಿದೆ. ಹಾಸ್ಟೆಲಿನಲ್ಲಿ ನಮ್ಮ ನಿದ್ರೆ ಕೆಡಿಸಿ ಕಲಿತ ಗಿಟಾರ್ ಅವತ್ತು ಅನ್ನಕ್ಕೆ ಬಂತು. ಕೆಳಗೆ ಕುಳಿತವರು ಎಣ್ಣೆ ಕಂಪೆನಿಯ ಟೆಕ್ಸಾಸಿನವರು, ಒಬ್ಬೊಬ್ಬನೂ ಒಂದು ತೈಲಬಾವಿಯಷ್ಟು ಕುಡಿಯುವವನು. ಅತ್ತುಬಿಟ್ಟರು ಮಾರಾಯ! ಮುಂದಿನ ವಾರ ಅವರಲ್ಲೊಬ್ಬ ತನ್ನ ಟೊಪ್ಪಿಯನ್ನೇ ತೆಗೆದು ನಿನ್ನ ತಲೆಗೆ ಇಟ್ಟ. ಅಲ್ಲಿಂದ ಒಂಬತ್ತು ವರ್ಷ ನೀನು ಕಂಟ್ರಿ ಶೆಟ್ರು.

ಅವರ ಹಾಡೆಲ್ಲ ಮುಗಿದ ಮೇಲೆ ನಿನ್ನದು ಶುರು ಮಾಡ್ತಿದ್ದಿ. ಅವರ ಹಾಡಿನ ರೈಲು ನಿನ್ನ ಹಾಡಿನಲ್ಲಿ ವಾಮದಪದವಿನ ಬಸ್ಸು. ಅವರ ಕುದುರೆ ನಿನ್ನಲ್ಲಿ ಕಂಬಳದ ಕೋಣ. ಅವರಲ್ಲಿ ಹೆಂಡತಿ ಬಿಟ್ಟುಹೋದರೆ ನಿನ್ನಲ್ಲಿ ಹೆಂಡತಿ ತವರಿಗೆ ಹೋಗ್ತಿದ್ದಳು, ಅಷ್ಟೇ ವ್ಯತ್ಯಾಸ, ಎರಡರಲ್ಲೂ ಗಂಡ ಅಳ್ತಿದ್ದ. ತುಳು ಒಂದಕ್ಷರ ತಿಳಿಯದವರು ಗ್ಲಾಸು ಎತ್ತಿ "ಕಡೆತ ಬಸ್ಸ್ ಪೋಂಡು" ಅಂತ ನಿನ್ನೊಟ್ಟಿಗೆ ಕೂಗ್ತಿದ್ದರು. ಕಡೆಯ ಬಸ್ಸು ಹೋಯಿತು ಅಂತ ಅವರಿಗೆ ಎಂಥ ದುಃಖ! ಅವರಿಗೆಲ್ಲ ಕಾರಿತ್ತು.

ಕ್ಯಾಸೆಟಿನ ವಿಷಯ. ಹಫ್ಸ ಊರಲ್ಲಿಲ್ಲ, ಮಗಳ ಬಾಣಂತನಕ್ಕೆ ಅಂತ ಕಾಸರಗೋಡಿಗೆ ಹೋಗಿದ್ದಾಳೆ. ಕಪಾಟಿನ ಕೀ ಅವಳ ಸೊಂಟದಲ್ಲಿ. ಮತ್ತೆ, ಅಷ್ಟು ಹಳೆಯ ಟೇಪಿಗೆ ಬೂಷ್ಟು ಹಿಡಿದಿರುತ್ತದೆ, ಅವಸರದಲ್ಲಿ ಹಾಕಿದರೆ ತುಂಡಾದೀತು. ಸ್ವಲ್ಪ ತಡೆ.

ಒಳ್ಳೆ ಖರ್ಜೂರ ಕಳಿಸಿದ್ದೇನೆ. ನುಂಗಲು ಕಷ್ಟವಾದರೆ ಹಾಲಿನಲ್ಲಿ ಅರೆದು ಕುಡಿ.

ನಿನ್ನ,
ಅಬ್ದುಲ್ ಶುಕೂರ್


ಸಿದ್ಧಕಟ್ಟೆ
17 ಜುಲೈ 2024

ಶುಕೂರ್ ಸಾಹೇಬರೇ,

ಕಾಸರಗೋಡು ಬೆಳ್ತಂಗಡಿಗೆ ಬಹಳ ಹತ್ತಿರ ಬಂದ ಹಾಗುಂಟು. ಮೊನ್ನೆ ಬೆಳ್ತಂಗಡಿ ಸಂತೆಯಲ್ಲಿ ನವ್ಯಾಳಿಗೆ ಹಫ್ಸ ಸಿಕ್ಕಿದಳು. ಬಾಣಂತನ ಮುಗಿಯಿತಾ ಅಂತ ಇವಳು ಮರ್ಯಾದೆಗೆ ಕೇಳಿದರೆ, "ಯಾರ ಬಾಣಂತನ? ನನ್ನ ಮಗಳಿಗೆ ಇನ್ನೂ ಗಂಡೇ ಸಿಕ್ಕಲಿಲ್ಲ ಮಗಾ" ಅಂದಳಂತೆ. ನೀನು ಹೆರಿಗೆಯನ್ನೂ ಮುಂಗಡ ಬುಕ್ ಮಾಡಿದ್ದೀಯಾ?

ನನ್ನ ಹತ್ತಿರ ಸುಳ್ಳು ಯಾಕೆ? ಮೂರು ದಿನ ಯೋಚಿಸಿದೆ. ಮಾತಿಲ್ಲದವನಿಗೆ ಯೋಚನೆಯೇ ಉದ್ಯೋಗ. ಹಜ್ಜಿಗೆ ಹೋಗಿ ಬಂದ ಮೇಲೆ ನೀನು ಅಂಗಡಿಯ ರೇಡಿಯೋ ತೆಗೆಸಿದೆಯಂತೆ, ನೌಫಲ್ ಮಾತಿನ ನಡುವೆ ಹೇಳಿದ. ಆಗ ಗೊತ್ತಾಯಿತು. ಹಾಡು, ಗಿಟಾರ್, ಬಾರು ಎಲ್ಲ ಈಗ ನಿನಗೆ ನಾಚಿಕೆ. ಅಂಥ ಕ್ಯಾಸೆಟ್ ನಿನ್ನ ಮನೆಯ ಕಪಾಟಿನಿಂದ ಹೊರಗೆ ಬರಬಾರದು. ಅಲ್ಲವಾ?

ನಿನ್ನ ದೇವರ ಹತ್ತಿರ ನನಗೆ ಜಗಳ ಇಲ್ಲ, ನನ್ನ ದೇವರ ಹತ್ತಿರವೇ ಸಾಕಷ್ಟು ಉಂಟು. ಸುಟ್ಟಿದ್ದರೆ ಸುಟ್ಟೆ ಅಂತ ಹೇಳಿಬಿಡು. ಇದ್ದರೆ ಕೊಡು. ಆ ಹಾಡುಗಳನ್ನು ನಾನು ಕಟ್ಟುವಾಗ ಎದುರಿಗೆ ಕುಳಿತು "ಈ ಸಾಲು ಸರಿ ಆಗಲಿಲ್ಲ ಶೆಟ್ರೇ" ಅಂತ ಹೇಳ್ತಿದ್ದವನು ನೀನೊಬ್ಬನೇ. ಅದಕ್ಕೇ ನಿನ್ನ ಕೈಯಲ್ಲಿ ಇಟ್ಟದ್ದು.

ಮುಂದಿನ ತಿಂಗಳು ನಾನೇ ಲಾಯಿಲಕ್ಕೆ ಹೋಗ್ತೇನೆ. ತೂಕ ನಲ್ವತ್ತೆಂಟಕ್ಕೆ ಇಳಿದಿದೆ. ನವ್ಯಾಳ ಸ್ಕೂಟರಿನ ಹಿಂದೆ ಕುಳಿತರೆ ಅಪ್ಪ ಹತ್ತಿದ್ದಾನಾ ಅಂತ ಅವಳು ತಿರುಗಿ ನೋಡಬೇಕಾಗುತ್ತದೆ.

ನಿತ್ಯಾನಂದ


ಶಾರ್ಜಾ
4 ಆಗಸ್ಟ್ 2024

ನಿತ್ಯಾ,

ಲಾಯಿಲಕ್ಕೆ ಹೋಗಬೇಡ. ಡಿಸೆಂಬರಿನಲ್ಲಿ ನಾನು ಬರ್ತೇನೆ, ನಾನೇ ನಿನ್ನ ಕೈಗೆ ಕೊಡ್ತೇನೆ. ಅಷ್ಟರವರೆಗೆ ಅದನ್ನು ಮುಟ್ಟಬೇಡ. ದಮ್ಮಯ್ಯ.

ಸುಡಲಿಲ್ಲ. ರೇಡಿಯೋ ಹಾಳಾಗಿತ್ತು, ಅದಕ್ಕೆ ತೆಗೆಸಿದ್ದು.

ಶುಕೂರ್


ಸಿದ್ಧಕಟ್ಟೆ
25 ಆಗಸ್ಟ್ 2024

ಪ್ರಿಯ ಶುಕೂರ್,

ಡಿಸೆಂಬರ್ ತನಕ ನಾನು ಇರ್ತೇನೆ ಅಂತ ನಿನಗೆ ಯಾರು ಹೇಳಿದ್ದು? ನನಗೆ ಯಾರೂ ಹೇಳಲಿಲ್ಲ. ಆದ್ದರಿಂದ ಹೋದೆ.

ಹಫ್ಸ ಚಹಾ ಕೊಟ್ಟು, ನನ್ನ ಕೊರಳು ನೋಡಿ ಅತ್ತು, ಕಪಾಟು ತೆರೆದಳು. ಕೀ ಅವಳ ಸೊಂಟದಲ್ಲಿ ಇರಲಿಲ್ಲ, ಕಪಾಟಿಗೆ ಬೀಗವೇ ಇಲ್ಲ. ಬೂಷ್ಟೂ ಇಲ್ಲ. ಒಳ್ಳೆ ಬಟ್ಟೆಯಲ್ಲಿ ಸುತ್ತಿ, ಉಮ್ಮನ ಕುರ್‌ಆನಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದಿ. ನಾಚಿಕೆ ಅಂತ ನಾನು ಬರೆದದ್ದಕ್ಕೆ ಅಲ್ಲಿಯೇ ನನಗೆ ನಾಚಿಕೆಯಾಯಿತು. ಡಬ್ಬಿಯ ಮೇಲೆ ನನ್ನದೇ ಅಕ್ಷರ: 'ನಿತ್ಯಾನಂದ. 11 ಹಾಡು. ಅಳಿಸಬಾರದು.'

ಮೂಡುಬಿದಿರೆಯಲ್ಲಿ ಶೋಧನ್ ಅಂತ ಒಬ್ಬ ಇದ್ದಾನೆ, ಮದುವೆಗೆ ಮೈಕ್ ಸೆಟ್ ಹಾಕುವವನು. ಹಳೆಯ ಟೇಪ್ ರೆಕಾರ್ಡರನ್ನು ಇನ್ನೂ ಜೀವಂತ ಇಟ್ಟುಕೊಂಡಿದ್ದಾನೆ. ಪೆನ್ಸಿಲ್ ತೂರಿಸಿ ಟೇಪು ಎಳೆದು ಬಿಗಿ ಮಾಡಿದ, ಹತ್ತಿಯಲ್ಲಿ ಹೆಡ್ ಒರೆಸಿದ. ನವ್ಯಾ ಫೋನ್ ಹಿಡಿದು ತಯಾರು. ನಾನು ಅಂಗಿಯ ಕಾಲರ್ ಸರಿ ಮಾಡಿಕೊಂಡೆ, ಯಾರು ನೋಡ್ತಾರೋ ಅನ್ನುವ ಹಾಗೆ.

"ಮೋನೇ ಶುಕೂರ್, ಅಸ್ಸಲಾಮು ಅಲೈಕುಂ. ಇದು ನಿನ್ನ ಉಮ್ಮ."

ಶೋಧನ್ ಬದಿ ತಿರುಗಿಸಿದ. ಅಲ್ಲೂ ಉಮ್ಮ. "ಇದು ಬೇರೆ ಕ್ಯಾಸೆಟಾ ಅಣ್ಣ?" ಅಂತ ಕೇಳಿದ. ನವ್ಯಾ ನನ್ನ ಮುಖ ನೋಡಿದಳು. ಅವಳಿಗೆ ಚೀಟಿಯಲ್ಲಿ ಬರೆದು ತಿಳಿಸಬೇಕಾಯಿತು: ಆಗ ಮನೆಯಲ್ಲಿ ಫೋನಿಲ್ಲ. ಓದು ಬರೆಹ ಬಾರದ ತಾಯಂದಿರು ಕಾಗದದ ಬದಲು ಕ್ಯಾಸೆಟಿನಲ್ಲಿ ಮಾತಾಡಿ ಗಲ್ಫಿಗೆ ಕಳಿಸ್ತಿದ್ದರು. ಮಗ ಕೇಳಿ, ಅದರ ಮೇಲೆಯೇ ಉತ್ತರ ಹೇಳಿ ವಾಪಸ್ ಕಳಿಸ್ತಿದ್ದ. ಒಂದು ಕ್ಯಾಸೆಟಿನಲ್ಲಿ ಹತ್ತು ವರ್ಷದ ಸಂಸಾರ, ಒಂದರ ಮೇಲೊಂದು, ಕಡೆಯದ್ದು ಮಾತ್ರ ಕೇಳುವ ಹಾಗೆ. ನಾನು 'ಅಳಿಸಬಾರದು' ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಓದಲು ಬಾರದ ನಿನ್ನ ಉಮ್ಮ ಬೀಯಮ್ಮನಿಗೆ.

ಪೂರ್ತಿ ಒಂದು ಗಂಟೆ ಕುಳಿತು ಕೇಳಿದೆ. ಎಲ್ಲಾದರೂ ಸಂದಿನಲ್ಲಿ ನನ್ನದು ಅರ್ಧ ಸಾಲು ಉಳಿದಿರಬಹುದು ಅಂತ. ಇಲ್ಲ. ನಿನ್ನ ಉಮ್ಮ ಜಾಗ ದಂಡ ಮಾಡುವವರಲ್ಲ. ಮೊದಲಿನ ಬದಿ ಪೂರಾ ನಿನ್ನ ಬಾಪ ತೀರಿಹೋದ ವಿಷಯ. ಬೆಳಿಗ್ಗೆ ಗಂಜಿ ಕುಡಿದದ್ದು, ಎದೆ ಹಿಡಿದುಕೊಂಡದ್ದು, ಕಡೆಗೆ ನಿನ್ನ ಹೆಸರು ಹೇಳಿದ್ದು. ಎರಡನೆಯ ಬದಿಯ ಕೊನೆಗೆ ಒಂದು ಮಾತು ಉಂಟು. ನಿಮ್ಮ ಬ್ಯಾರಿ ಭಾಷೆಯನ್ನು ನನ್ನ ಕನ್ನಡಕ್ಕೆ ಇಳಿಸಿದ್ದೇನೆ, ತಪ್ಪಿದ್ದರೆ ತಿದ್ದು:

"ಮೋನೇ, ಈ ಕ್ಯಾಸೆಟ್ ಖಾಲಿ ಅಂತ ಹಾಕಿದೆ. ಹಾಕಿದರೆ ಯಾರೋ ಹಾಡ್ತಾ ಇದ್ದಾನೆ, ತುಳುವಿನಲ್ಲಿ. ಆಚೆಮನೆ ಪೂವಮ್ಮನನ್ನೂ ಕರೆದೆ. ಇಬ್ಬರೂ ಕುಳಿತು ಎರಡೆರಡು ಸಲ ಕೇಳಿದೆವು. ಬಸ್ಸಿನ ಹಾಡಿಗೆ ಪೂವಮ್ಮ ಅತ್ತಳು. ಬಾಪ ಹೋದಲ್ಲಿಂದ ನನಗೆ ಕಣ್ಣೀರು ಬಂದಿರಲಿಲ್ಲ, ಅವತ್ತು ಬಂತು. ಅಳಿಸಲಿಕ್ಕೆ ಮನಸ್ಸಿಲ್ಲ ಮೋನೇ. ಆದರೆ ನನ್ನ ಹತ್ತಿರ ಬೇರೆ ಕ್ಯಾಸೆಟ್ ಇಲ್ಲ, ಬಾಪನ ವಿಷಯ ನಿನಗೆ ನಾನೇ ಹೇಳಬೇಕು. ಹಾಡಿದವನಿಗೆ ಹೇಳು, ಉಮ್ಮ ತಪ್ಪಾಯಿತು ಅಂತ ಹೇಳಿದಳು ಅಂತ. ಇನ್ನೊಮ್ಮೆ ಹಾಡಲಿ. ಅವನಿಗೇನು, ಸ್ವರ ಉಂಟಲ್ಲ."

ಊರಿನಲ್ಲಿ ನನ್ನ ಹಾಡು ಕೇಳಿ ಅತ್ತವರು ಇಬ್ಬರು ಇದ್ದರು. ನನಗೆ ಇವತ್ತು ಗೊತ್ತಾಯಿತು. ನವ್ಯಾ ಫೋನ್ ಮಾಡಿ ಕೇಳಿದ್ದಕ್ಕೆ, ಪೂವಮ್ಮನೂ ಹೋಗಿ ಹತ್ತು ವರ್ಷವಾಯಿತು ಅಂತ ಹಫ್ಸ ಹೇಳಿದಳು.

ಇದನ್ನು ನೀನು ಕೇಳಿದ್ದೀಯಾ ಶುಕೂರ್? ಕೇಳಿದ್ದರೆ ನನಗೆ ಯಾಕೆ ಹೇಳಲಿಲ್ಲ?

ನಿತ್ಯಾನಂದ


ಶಾರ್ಜಾ
14 ಸೆಪ್ಟೆಂಬರ್ 2024

ನಿತ್ಯಾ,

ಕೇಳಿರಲಿಲ್ಲ. ಅಲ್ಲಾಹುವಿನಾಣೆ, ಆ ಮಾತು ಕೇಳಿರಲಿಲ್ಲ.

ತಪ್ಪು ನನ್ನಿಂದಲೇ ಶುರು. ಖಾಲಿ ಕ್ಯಾಸೆಟುಗಳನ್ನು ಹಾಲುಪುಡಿಯ ಡಬ್ಬಿಯಲ್ಲಿ ಹಾಕಿಡ್ತಿದ್ದೆ, ಊರಿಗೆ ಹೋಗುವವರ ಕೈಯಲ್ಲಿ ಉಮ್ಮನಿಗೆ ಕಳಿಸಲು. ನಿನ್ನದನ್ನೂ ಅದೇ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೆ. ಒಬ್ಬ ಅವಸರದಲ್ಲಿ ಹೊರಟಿದ್ದ, ಡಬ್ಬಿಯನ್ನೇ ಕೊಟ್ಟೆ.

ಆಮೇಲೆ ಟೆಲಿಗ್ರಾಂ ಬಂತು, ಬಾಪ ಹೋದರು ಅಂತ ಎರಡು ಸಾಲು. ಪಾಸ್‌ಪೋರ್ಟ್ ಅರಬಿ ಧಣಿಯ ಹತ್ತಿರ, ನನಗೆ ಹೋಗಲಾಗಲಿಲ್ಲ. ನೀನು ಮೂರು ದಿನ ಹೋಟೆಲಿಗೆ ರಜೆ ಹಾಕಿ ನನ್ನ ರೂಮಿನಲ್ಲಿ ಕುಳಿತು ಗಂಜಿ ಬೇಯಿಸಿ ಹಾಕಿದಿ. ನಿನ್ನ ಗಂಜಿ ಅಂಟು, ಉಪ್ಪೂ ಇಲ್ಲ, ಆದರೂ ಉಂಡೆ. ಹದಿನೈದು ದಿನ ಕಳೆದು ಕ್ಯಾಸೆಟ್ ಬಂತು. ಅದರ ಮೇಲೆ ನಿನ್ನ ಅಕ್ಷರ ನೋಡಿದಾಗಲೇ ಗೊತ್ತಾಯಿತು. ಹಾಕಿದೆ. ಬಾಪ ನನ್ನ ಹೆಸರು ಹೇಳಿದರು ಅನ್ನುವಲ್ಲಿ ಬಂದ್ ಮಾಡಿದೆ. ಊರಿಗೆ ಹೋದಾಗ ಕಪಾಟಿನಲ್ಲಿ ಇಟ್ಟೆ, ಮತ್ತೆ ಇವತ್ತಿನವರೆಗೆ ಹಾಕಲಿಲ್ಲ. ಗಂಜಿ ಬೇಯಿಸಿ ಹಾಕಿದವನಿಗೆ, ನಿನ್ನ ಹಾಡು ಹೋಯಿತು ಅಂತ ಹೇಗೆ ಹೇಳಲಿ? ಮುಂದಿನ ವಾರ ಹೇಳುವ ಅಂತ ಇದ್ದೆ. ಆ ವಾರ ಇನ್ನೂ ಬಂದಿಲ್ಲ.

ಬದಿ ತಿರುಗಿಸಿ ಹಾಕಿದ್ದರೆ! ಉಮ್ಮ ಹೇಳಿಕಳಿಸಿದ್ದು ಒಂದೇ ಮಾತು. ಅದನ್ನು ಮುಟ್ಟಿಸಿದ್ದರೆ ನೀನು ನನಗೆ ನಾಲ್ಕು ಬೈದು, ಅದೇ ಶುಕ್ರವಾರ ಕುಳಿತು ಹನ್ನೊಂದನ್ನೂ ಪುನಃ ಹಾಡ್ತಿದ್ದಿ. ಅಷ್ಟೇ ಕೆಲಸ ಇದ್ದದ್ದು. ನಿನಗೆ ಸ್ವರ ಇತ್ತು. ನಾನು ಮೂರು ರಾತ್ರಿ ನಿದ್ದೆ ಮಾಡಲಿಲ್ಲ ನಿತ್ಯಾ.

ಒಂದು ದಾರಿ ಉಂಟು. ಪದ ನಿನಗೆ ನೆನಪುಂಟು, ಬರೆದುಕೊಡು. ಧಾಟಿ ಕೇಳಿ ಬದುಕಿರುವವನು ನಾನೊಬ್ಬನೇ. ಮದ್ರಸದಲ್ಲಿ ಉಸ್ತಾದರು ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ "ನೀನು ಬಾಯಿ ಮಾತ್ರ ಆಡಿಸು" ಅಂತ ಹೇಳಿದ್ದರು, ಅದು ನಿಜ. ಆದರೂ ಅಂಗಡಿಯ ಬಾಗಿಲು ಎಳೆದು, ಅಕ್ಕಿ ಮೂಟೆಗಳ ನಡುವೆ ಕುಳಿತು, ನೆನಪಿದ್ದ ಏಳನ್ನು ಹಾಡಿ ನವ್ಯಾಳ ಫೋನಿಗೆ ಕಳಿಸಿದ್ದೇನೆ. ನಾಲ್ಕು ಮರೆತಿದೆ. ಅವಳು ಕಲಿಯಲಿ. ಎಲ್ಲಾದರೂ ತಪ್ಪಿದ್ದರೆ ನೀನು ಹೇಳಿಕೊಡು.

ಶುಕೂರ್


ಸಿದ್ಧಕಟ್ಟೆ
11 ಅಕ್ಟೋಬರ್ 2024

ಪ್ರಿಯ ಶುಕೂರ್,

ಏಳೂ ಕೇಳಿದೆ. ಏಳಕ್ಕೂ ಒಂದೇ ಧಾಟಿ, ಮಾರಾಯ. ಬಸ್ಸೂ ಕೋಣವೂ ತವರಿಗೆ ಹೋದ ಹೆಂಡತಿಯೂ ಒಂದೇ ಗತಿಯಲ್ಲಿ ನಡೀತಾರೆ. ಅದು ನನ್ನ ಯಾವ ಹಾಡಿನದ್ದೂ ಅಲ್ಲ. ನಿಮ್ಮ ಉಸ್ತಾದರು ತಿಳಿದವರು.

ತಿದ್ದಲು ನೋಡಿದೆ. ಹದಿನೈದು ದಿನ ನೋಡಿದೆ. ನಾನು ಕೈ ಮೇಲೆತ್ತಿದರೆ ನವ್ಯಾ ಜೋರಾಗಿ ಹಾಡ್ತಾಳೆ, ಇಳಿಸಿದರೆ ಮೆಲ್ಲಗೆ ಹಾಡ್ತಾಳೆ. 'ಮೇಲೆ ಅಂದರೆ ಜೋರಲ್ಲ' ಅಂತ ಬರೆದು ಕೊಟ್ಟೆ. "ಮತ್ತೆಂಥ ಪಪ್ಪ?" ಅಂದಳು. ಆ 'ಮತ್ತೆಂಥ' ಅನ್ನುವುದನ್ನು ಬರೆಯಲು ಬರುವುದಿಲ್ಲ, ಹಾಡಿಯೇ ತೋರಿಸಬೇಕು. ಸ್ವರ ಬರೆಯುವ ವಿದ್ಯೆ ನಾನು ಕಲಿತದ್ದಿಲ್ಲ. ಅವಳು ಯಾರದೋ ಗಿಟಾರ್ ತಂದುಕೊಟ್ಟಳು. ತಂತಿ ಒತ್ತಿದ್ದೇನಾ ಇಲ್ಲವಾ ಅಂತ ಈ ಬೆರಳಿಗೆ ಗೊತ್ತಾಗುವುದಿಲ್ಲ. ತಲೆಯೊಳಗೆ ಹನ್ನೊಂದೂ ಉಂಟು ಶುಕೂರ್, ಒಂದೆಳೆ ಕೆಟ್ಟಿಲ್ಲ. ದಿನವೂ ಕೇಳ್ತೇನೆ. ಪಕ್ಕದಲ್ಲಿ ಕುಳಿತವಳಿಗೆ ಕೇಳುವುದಿಲ್ಲ.

ಅಷ್ಟರಲ್ಲಿ ಅವಳು ನಿನ್ನದನ್ನೇ ಕಲಿತು ಮುಗಿಸಿದಳು. ಮೊನ್ನೆ ಭಾನುವಾರ ಕಾಂತಿಯನ್ನೂ ನನ್ನನ್ನೂ ಚಾವಡಿಯಲ್ಲಿ ಕೂರಿಸಿ ಬಸ್ಸಿನ ಹಾಡು ಹಾಡಿದಳು. ಅವಳದು ಒಳ್ಳೆ ಸ್ವರ. ಹಾಡಿಯೂ ತೋರಿಸದೆ ನಾನು ಅವಳಿಗೆ ಕೊಟ್ಟದ್ದು ಅದೊಂದು. ಕಾಂತಿ ಕಣ್ಣೊರೆಸಿಕೊಂಡು "ನಿಮ್ಮದು ಇಷ್ಟು ಒಳ್ಳೆದಿತ್ತಾ?" ಅಂತ ಕೇಳಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಮೊದಲ ಸಲ ಹೊಗಳಿದ್ದು. ಹೊಗಳಿಕೆ ನಿನಗೆ ಸೇರಬೇಕಾದ್ದು, ಕಳಿಸ್ತಾ ಇದ್ದೇನೆ.

ನವ್ಯಾ ನನ್ನ ಮುಖ ನೋಡಿದಳು. "ಪಪ್ಪ, ನೀವು ಹಾಡ್ತಿದ್ದದ್ದು ಹೀಗೆಯೇ ಅಲ್ಲವಾ?"

ಹೌದು ಅಂತ ತಲೆಯಾಡಿಸಿದೆ.

ಬುಧವಾರ ಶಾಲೆಯ ಮಕ್ಕಳಿಗೂ ಕಲಿಸಿದಳಂತೆ. ನಲ್ವತ್ತು ಮಕ್ಕಳು. ಇದು ನಮ್ಮ ಅಪ್ಪನ ಹಾಡು ಅಂತ ಹೇಳಿ ಕಲಿಸಿದ್ದಾಳೆ. ಇನ್ನು ಅದು ಹಾಗೆಯೇ ಇರುತ್ತದೆ.

ಕ್ಯಾಸೆಟನ್ನು ನೌಫಲ್ ಕೈಯಲ್ಲಿ ಕಳಿಸಿದ್ದೇನೆ. ಅದು ನಿನ್ನ ಉಮ್ಮನದು, ನಿನ್ನ ಹತ್ತಿರವೇ ಇರಲಿ. ಎರಡನೆಯ ಬದಿಯನ್ನೂ ಹಾಕು.

ಡಿಸೆಂಬರಿನಲ್ಲಿ ನೀನು ಬರುವಾಗ ನವ್ಯಾ ನಿನ್ನ ಎದುರೂ ಹಾಡ್ತಾಳೆ. ನಾನು ಇರುವುದಿಲ್ಲ. ಇಪ್ಪತ್ತೊಂಬತ್ತು ವರ್ಷ ಒಂದು ಸುಳ್ಳನ್ನು ಸಾಕಿದ ಅನುಭವ ನಿನಗುಂಟು, ಆದ್ದರಿಂದ ಇನ್ನೊಂದನ್ನು ನಿನಗೇ ಬಿಟ್ಟು ಹೋಗ್ತೇನೆ. ಹಾಡಿದ ಮೇಲೆ ಸರಿಯುಂಟಾ ಅಂತ ಅವಳು ಕೇಳ್ತಾಳೆ. ಸರಿಯುಂಟು ಅಂತ ಹೇಳು. ಬೇಗ ಹೇಳು, ಯೋಚಿಸಲು ಹೋಗಬೇಡ. ಅವಳು ಮುಖ ನೋಡುವವಳು.

ನಿತ್ಯಾನಂದ